ಗುಬ್ಬಿಗಳಿಗೆ ಕೊಟ್ಟ ಹಸಿರು ನೂಲು

ಪೆಟ್ಟಿಗೆಯೊಳಗೆ ಹಸಿರು ಕಂಡ ದಿನ ನಾವು ಖುಷಿಪಟ್ಟೆವು. ನಾನು ಸ್ಟೂಲಿನ ಮೇಲೆ ನಿಂತು, ಕಡ್ಡಿಯ ತುದಿಗೆ ಅಂಟಿಸಿದ ಪುಟ್ಟ ಕನ್ನಡಿಯನ್ನು ಗುಬ್ಬಿ ಪೆಟ್ಟಿಗೆಯ ತೂತಿನೊಳಗೆ ಇಳಿಬಿಟ್ಟಿದ್ದೆ. ಮೊಬೈಲಿನ ಬೆಳಕಿನಲ್ಲಿ ಒಣಹುಲ್ಲು, ಕೋಳಿಯ ಪುಕ್ಕ, ಅವುಗಳ ನಡುನಡುವೆ ಹಸಿರು ಕಂಡಿತು. ಕೆಳಗೆ ಸ್ಟೂಲು ಹಿಡಿದು ನಿಂತಿದ್ದ ಸರ್‌ಗೆ ಹೇಳಿದೆ.

“ಹಸಿರಂದ್ರ ಬೇವಿನ ಎಲಿ ಇರಬೇಕ ತಂಗೆವ್ವ,” ಎಂದರು ಅವರು. “ಗುಬ್ಬಿ ಭಾಳ ಶಾಣ್ಯಾ ಇರ್ತಾವ. ಮರಿಗೆ ಹೇನು ಹತ್ತಬಾರ್ದಂತ ಗೂಡಿನ್ಯಾಗ ಬೇವಿನ ಎಲಿ ಇಡ್ತಾವ.”

ಅವತ್ತೇ ಅವರು ಹಕ್ಕಿ ನೋಡುವ ನಮ್ಮ ಬಳಗದ ವಾಟ್ಸಾಪಿಗೆ ಇದನ್ನು ಹಾಕಿದರು. ಕೊಲ್ಹಾಪುರದವರೆಲ್ಲ ಕೈಮುಗಿದ ಚಿತ್ರ ಕಳಿಸಿದರು. ಆ ಹಸಿರನ್ನು ಕೈಯಲ್ಲಿ ಹಿಡಿದು ನೋಡೋಣ ಎಂದು ಯಾರಿಗೂ ಅನ್ನಿಸಲಿಲ್ಲ. ಅನ್ನಿಸಿದ್ದರೂ ನೋಡುವಂತಿರಲಿಲ್ಲ. ಮೊಟ್ಟೆಯಿರುವ ಗೂಡಿಗೆ ಕೈಹಾಕಬಾರದು ಎಂಬುದೇ ಬಳಗದ ಮೊದಲ ನಿಯಮ.

ಸರ್ ಗಡಹಿಂಗ್ಲಜದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು, ನನ್ನ ತವರು ಓಣಿಯವರು. ಕೊಲ್ಹಾಪುರದ ಹಕ್ಕಿ ನೋಡುವವರ ಬಳಗದಲ್ಲಿ ಅವರು ಹಳಬರು. ಆ ಬಳಗದಲ್ಲಿ ಡಾಕ್ಟರರೂ ಇದ್ದಾರೆ, ಗೋಕುಳ ಶಿರಗಾಂವದ ಫೌಂಡ್ರಿಯಲ್ಲಿ ದುಡಿಯುವವರೂ ಇದ್ದಾರೆ. ರವಿವಾರ ಬಂತೆಂದರೆ ಕೆರೆ, ಹುಲ್ಲುಗಾವಲು ಎಂದು ಹೊರಡುತ್ತಾರೆ. ಆ ವರ್ಷ ಅವರಿಗೆ ಊರೊಳಗಿನ ಗುಬ್ಬಿಗಳ ಚಿಂತೆ ಹತ್ತಿತ್ತು. ಜಯಸಿಂಗಪುರದ ಜೈನ ವ್ಯಾಪಾರಿಯೊಬ್ಬರು ತಮ್ಮ ತಾಯಿಯ ನೆನಪಿಗೆ ಪ್ಲೈವುಡ್ಡಿನ ಪೆಟ್ಟಿಗೆಗಳನ್ನು ಮಾಡಿಸಿಕೊಟ್ಟರು. ಇಚಲಕರಂಜಿಯ ನಮ್ಮ ಗಲ್ಲಿಯಲ್ಲಿ ಅವನ್ನು ನೋಡಿಕೊಳ್ಳಲು ಹಗಲೆಲ್ಲ ಮನೆಯಲ್ಲಿರುವ ಒಬ್ಬರು ಬೇಕಾಗಿದ್ದರು. ನಾನು ಮನೆಯಲ್ಲೇ ರವಿಕೆ ಹೊಲಿಯುವವಳು, ಹೊಲಿಗೆ ಯಂತ್ರ ಕಿಟಕಿಯ ಪಕ್ಕದಲ್ಲೇ ಇದೆ. “ನೀ ಬರೇ ಕಿಡಕ್ಯಾಗಿಂದ ನೋಡಿದ್ರ ಸಾಕು,” ಎಂದು ಸರ್ ನನ್ನನ್ನು ಬಳಗಕ್ಕೆ ಎಳೆದರು. ನನಗೆ ಹಕ್ಕಿಗಳ ಹುಚ್ಚೇನೂ ಇರಲಿಲ್ಲ. ತವರು ಓಣಿಯವರು ಕೇಳಿದಾಗ ಇಲ್ಲ ಎನ್ನಲಾಗಲಿಲ್ಲ, ಅಷ್ಟೇ.

ಮೊದಲ ಸಲ ಬಂದಾಗ ಸರ್ ಕೊರಳಲ್ಲಿ ದುರ್ಬೀನು ಹಾಕಿಕೊಂಡು ಗಲ್ಲಿಯ ನಡುವೆ ನಿಂತು ಮೇಲೆ ನೋಡತೊಡಗಿದರು. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸರು “ಯಾರವಾ ಇಂವಾ, ಏನ್ ನೋಡಾಕತ್ತಾನ?” ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಅಂದಿನಿಂದ ದುರ್ಬೀನು ನಮ್ಮ ಮನೆಯ ಗೂಟಕ್ಕೆ ಬಿತ್ತು. ಗುಬ್ಬಿ ನೋಡಲು ಅದು ಬೇಕಾಗಿಯೂ ಇರಲಿಲ್ಲ.

ಕೆಲಸದ ಕ್ರಮ ಹೀಗಿತ್ತು. ವಾರಕ್ಕೊಮ್ಮೆ, ತಾಯಿ ಹಕ್ಕಿ ಹೊರಗೆ ಹೋದಾಗ, ಕನ್ನಡಿ ಇಳಿಸಿ ಒಂದು ನೋಟ ನೋಡಿ ಇಳಿದುಬಿಡಬೇಕು. ಬೆಳಗಿನ ಹೊತ್ತು ಹತ್ತಿರ ಹೋಗಬಾರದು, ಆಗ ಅವು ಮೊಟ್ಟೆಯಿಡುತ್ತವೆ. ಮರಿಗಳಿಗೆ ರೆಕ್ಕೆ ಬಲಿತ ಮೇಲಂತೂ ಸ್ಟೂಲು ಹತ್ತಲೇಬಾರದು, ಹೆದರಿ ಹಾರಲು ಬಾರದೇ ಕೆಳಗೆ ಬೀಳುತ್ತವೆ. ನೀರಿನ ಬಟ್ಟಲು ದಿನಾ ತೊಳೆಯಬೇಕು. ಬೆಕ್ಕನ್ನು ಓಡಿಸಬೇಕು. ನಮ್ಮ ಗಲ್ಲಿ ಎಂದರೆ ಎರಡೂ ಕಡೆ ಮಗ್ಗದ ಶೆಡ್ಡುಗಳು, ಹಗಲಿರುಳು ಖಟಪಟ ಸದ್ದು. ಹೊಸಬರು ಇಲ್ಲಿ ಕಿರಿಚಿ ಮಾತಾಡುತ್ತಾರೆ. ನಾವು ಇಲ್ಲಿಯವರು ಎದುರಿನವರ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತೇವೆ. ಇಂಥ ಗದ್ದಲದಲ್ಲಿ ಗುಬ್ಬಿ ಬರಲಾರವು ಎಂದುಕೊಂಡಿದ್ದೆ. ಪೆಟ್ಟಿಗೆ ಹಚ್ಚಿದ್ದೇ ತಡ, ಬಂದವು.

ಎಲ್ಲಕ್ಕಿಂತ ಒಳ್ಳೆಯ ಗೋಡೆ, ನನ್ನ ಕಿಟಕಿಗೆ ಕಾಣುವ, ಕಾಂಡಿ ಕಾಕುವಿನ ಮನೆಯ ಹಿಂದಿನದು. ಮಧ್ಯಾಹ್ನದ ಬಿಸಿಲು ಅಲ್ಲಿಗೆ ಬರುವುದಿಲ್ಲ, ಬೆಕ್ಕಿಗೂ ಅಲ್ಲಿ ಹತ್ತಲು ಏನೂ ಇಲ್ಲ. ಹೆಚ್ಚಿನ ಪೆಟ್ಟಿಗೆಗಳನ್ನು ಅಲ್ಲೇ ಹಚ್ಚಿದ್ದೆವು. ಕಾಂಡಿ ಎಂದರೆ ಮಗ್ಗದ ಲಾಳಿಯೊಳಗೆ ಕೂರಿಸುವ, ನೂಲು ಸುತ್ತಿದ ಕಡ್ಡಿ. ಅದನ್ನು ಸುತ್ತುವ ಯಂತ್ರದ ಮುಂದೆ ಕೂತೇ ಕಾಕುಗೆ, ಗಲ್ಲಿಯವರೆಲ್ಲರ ಆ ಚಿಕ್ಕಮ್ಮನಿಗೆ, ವಯಸ್ಸಾಯಿತು. ಚಿಕ್ಕೋಡಿ ಕಡೆಯಿಂದ ಮದುವೆಯಾಗಿ ಬಂದವರು. ಗಂಡ ತೀರಿಹೋಗಿದ್ದರು. ಒಬ್ಬಳೇ ಮಗಳು, ಮುರಗೂಡಕ್ಕೆ ಕೊಟ್ಟಿದ್ದರು.

ಆ ಮಗಳ ಮೊದಲ ಹೆರಿಗೆಯಲ್ಲಿ ಕೂಸು ಉಳಿಯಲಿಲ್ಲ. ದಿನ ತುಂಬಿ ಹುಟ್ಟಿದ ಕೂಸು, ಒಂದು ಸಲ ಅತ್ತಿತಂತೆ. ಆಮೇಲೆ ಎಷ್ಟೋ ವರ್ಷ ಬಸಿರು ನಿಲ್ಲಲಿಲ್ಲ. ಈಗ ನಿಂತಿತ್ತು. ಏಳನೆಯ ತಿಂಗಳಿಗೆ ಕಾಕು ಮಗಳನ್ನು ಕರೆತಂದು ಕುಬಸ, ಅಂದರೆ ಸೀಮಂತ, ಮಾಡಿದರು. ಹಸಿರು ಸೀರೆ, ಹಸಿರು ಬಳೆ, ಹಸಿರು ರವಿಕೆ. ರವಿಕೆ ಹೊಲಿದವಳು ನಾನೇ. ಅಳತೆ ತೆಗೆಯುವಾಗ ಕಾಕು ನನ್ನ ಕಿವಿಯ ಹತ್ತಿರ ಬಂದು, “ಈ ಸಲ ಕೂಸು ನನ್ನ ಕೈಯಾಗ ಬರಬೇಕವಾ. ಅದೊಂದ ಬಿಟ್ಟ ದೇವರಿಗೆ ನಾ ಏನೂ ಕೇಳಿಲ್ಲ,” ಅಂದರು. ಗಲ್ಲಿಯವರೆಲ್ಲರಿಗೂ ಈ ಚಿಂತೆ ಗೊತ್ತಿತ್ತು. ಆ ಹುಡುಗಿ ನಲ್ಲಿಗೆ ಹೋದರೂ ಯಾರಾದರೊಬ್ಬರು ಓಡಿ ಕೊಡ ಕಸಿದುಕೊಳ್ಳುತ್ತಿದ್ದರು.

ಯುಗಾದಿ ಕಳೆದು ಬಿಸಿಲು ಏರಿದ್ದ ಒಂದು ದಿನ ಗುಬ್ಬಿಗಳ ಕೂಗು ಬೇರೆಯಾಗಿ ಕೇಳಿಸಿತು. ನಾನು ರವಿಕೆಗೆ ತೋಳು ಜೋಡಿಸುತ್ತಿದ್ದೆ. ಗಂಡು ಗುಬ್ಬಿ ಒಂದು ಪೆಟ್ಟಿಗೆಯ ಸುತ್ತ ಹಾರುತ್ತ ಒಂದೇ ಸಮನೆ ಕೂಗುತ್ತಿತ್ತು. ತೂತಿನ ಕೆಳಗೆ ಕಂದು ಬಣ್ಣದ ಏನೋ ಜೋತುಬಿದ್ದು ಗಾಳಿಗೆ ತಿರುಗುತ್ತಿತ್ತು. ಚಿಂದಿ ಬಟ್ಟೆ ಇರಬೇಕು ಎಂದುಕೊಂಡು ಹತ್ತಿರ ಹೋದೆ. ಮರಿ. ಹಾರುವಷ್ಟು ಬಲಿತಿದ್ದ ಮರಿ. ಹಾರಲೆಂದೇ ಹೊರಗೆ ಜಿಗಿದಿತ್ತು, ಕಾಲಿಗೆ ಸುತ್ತಿಕೊಂಡಿದ್ದ ನೂಲು ಬಿಡಲಿಲ್ಲ. ಸ್ಟೂಲು ತಂದು ಹತ್ತಿ, ದಾರ ಕತ್ತರಿಸುವ ಸಣ್ಣ ಕತ್ತರಿಯಿಂದ ಬಿಡಿಸಿಕೊಂಡೆ. ಮೈ ಇನ್ನೂ ಬೆಚ್ಚಗಿತ್ತು. ಜೀವ ಇರಲಿಲ್ಲ.

ಕಾಲಿಗೆ ಸುತ್ತಿದ್ದು ಗಿಣಿ ಹಸಿರಿನ ನೂಲು. ಮುಟ್ಟಿದ ಕೂಡಲೇ ಪಾಲಿಸ್ಟರ್ ಎಂದು ತಿಳಿಯಿತು. ಹತ್ತಿಯದಾಗಿದ್ದರೆ ಆ ಎಳೆತಕ್ಕೆ ಹರಿದಾದರೂ ಹರಿಯುತ್ತಿತ್ತು. ನಿಯಮ ಗಿಯಮ ಬದಿಗಿಟ್ಟು ಪೆಟ್ಟಿಗೆಯ ಅಡಿಯ ಹಲಗೆ ಎಳೆದೆ. ಒಳಗೆ ಇನ್ನೊಂದು ಮರಿ ಎರಡೂ ಕಾಲು ಗೂಡಿಗೇ ಬಿಗಿದುಕೊಂಡು ಎಂದೋ ಸತ್ತು ಒಣಗಿತ್ತು. ಅದರ ಪಕ್ಕದ ಮರಿ ಬದುಕಿತ್ತು, ಬಾಯಿ ತೆರೆದು ತುತ್ತು ಬೇಡಿತು. ಅದರ ಒಂದು ಪಾದ ಕಪ್ಪಾಗಿತ್ತು. ನೂಲು ಚರ್ಮದೊಳಗೆ ಹೂತುಹೋಗಿ ಮೇಲಿನ ಭಾಗ ಬಾತಿತ್ತು. ನಾವು ಬೇವಿನ ಎಲೆ ಎಂದು ಊರಿಗೆಲ್ಲ ಹೇಳಿದ್ದು ಇದನ್ನು.

ಆ ಮರಿಯನ್ನು ಬಳೆಯ ಡಬ್ಬಿಯಲ್ಲಿ ಮೆತ್ತಗಿನ ಅರಿವೆ ಹಾಸಿ ಮಲಗಿಸಿಕೊಂಡು ಕೊಲ್ಹಾಪುರದ ಬಸ್ಸು ಹತ್ತಿದೆ. ಅಲ್ಲಿ ನಮ್ಮ ಬಳಗದ ಪಶುವೈದ್ಯರೊಬ್ಬರಿದ್ದಾರೆ. ಅವರು ಬೆಚ್ಚನೆಯ ಉಪ್ಪುನೀರಿನಲ್ಲಿ ಕಾಲು ನೆನೆಸಿ, ಭೂತಗನ್ನಡಿ ಹಿಡಿದು, ಸೂಜಿಯ ಮೊನೆಯಿಂದ ನೂಲನ್ನು ಒಂದೊಂದೇ ಸುತ್ತು ಎತ್ತಿ ಕತ್ತರಿಸಿದರು. ಬಹಳ ಹೊತ್ತು ಹಿಡಿಯಿತು. ಕೊನೆಗೆ ತಲೆಯೆತ್ತದೆಯೇ, “ಪಾಯ ವಾಚಣಾರ ನಾಹೀ, ತಾಈ,” ಎಂದರು. ಕಾಲು ಉಳಿಯುವುದಿಲ್ಲ. ಪಾದ ತೆಗೆದು, ಮರಿಯನ್ನು ತಮ್ಮಲ್ಲೇ ಇಟ್ಟುಕೊಂಡರು. ಖಾಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ನಾನು ಬಸ್ಸಿನಲ್ಲಿ ಅತ್ತೆ. ಪಕ್ಕದವಳು ಯಾರಾದರೂ ತೀರಿಕೊಂಡರೇನೋ ಎಂದು ಸುಮ್ಮನೆ ಜರುಗಿ ಕೂತಳು.

ನೂಲಿನ ಊರಿನಲ್ಲಿ ನೂಲಿಗೇನು ಬರ. ಆದರೆ ನಮ್ಮ ಗಲ್ಲಿಯ ಮಗ್ಗಗಳಲ್ಲಿ ನೇಯುವುದು ಬಿಳಿ ಬಟ್ಟೆ. ಹಸಿರು ಎಲ್ಲಿಂದ ಬಂತು ಎಂದು ಬಸ್ಸಿಳಿದು ನೇರ ಕಾಕುವಿನ ಹಿತ್ತಲಿಗೆ ಹೋದೆ. ಬಟ್ಟೆ ಒಣಹಾಕುವ ತಂತಿಯ ಆಚೆ ತುದಿಯಲ್ಲಿ, ಸೀರೆಗಳ ಮರೆಗೆ, ಹಸಿರು ನೂಲಿನ ಒಂದು ಉಂಡೆ ಕಟ್ಟಿತ್ತು. ಎಳೆಗಳು ಮೊಳದುದ್ದ ಜೋತುಬಿದ್ದಿದ್ದವು. ಒಂದು ಹೆಣ್ಣು ಗುಬ್ಬಿ ಅದರ ಮೇಲೆ ಕೂತು ಎಳೆಯುತ್ತಿತ್ತು.

“ನೋಡಿದೇನ?” ಎಂದು ಹಿಂದಿನಿಂದ ಕಾಕು ಬಂದರು. ಮುಖದ ತುಂಬ ನಗು. “ಕುಬಸದ ದಿನಾ ಕಟ್ಟೇನಿ. ಗುಬ್ಬವ್ವಗೂ ಏಳ ತಿಂಗಳ ಅಂತ ತಿಳಕೋ. ಆಕೀನೂ ನಮ್ಮ ಗ್ವಾಡಿಗೆ ಬಾಣಂತನಕ ಬಂದಾಳ. ಹಸಿರ ಸೀರಿ ಉಡಸಾಕ ಬರೂದಿಲ್ಲ, ನೂಲರ ಕೊಡೂಣು ಅಂದ್ನಿ. ಆಚಿ ಗಲ್ಲಿ ಸೀರಿ ಮಗ್ಗದಾಗ ಕೇಳಿ, ಎಲ್ಲಾಕಿಂತ ಮೆತ್ತನ್ನದು ನೋಡಿ ತಂದೇನಿ.”

ಕಾಕು ತಂತಿಯ ಕಡೆ ನೋಡುತ್ತ, “ಗುಬ್ಬವ್ವನ ಬಾಣಂತನ ನಾ ಮಾಡಿದ್ರ, ನನ್ನ ಮಗಳ ಬಾಣಂತನ ದೇವರ ಮಾಡ್ತಾನ,” ಅಂದರು. ಒಳಗಿನಿಂದ ಮಗಳು ಏನೋ ಕೇಳಿದಳು. ಕಾಕು ಹೋದರು. ನಾನು ಮನೆಗೆ ಬಂದು ಸರ್‌ಗೆ ಫೋನು ಮಾಡಿದೆ.

ಸರ್ ರವಿವಾರ ಗಡಹಿಂಗ್ಲಜದಿಂದ ಬಂದರು. ಕೊಲ್ಹಾಪುರದವರ ಜೊತೆ ಮಾತಾಡಿಕೊಂಡೇ ಬಂದಿದ್ದರು. ಗೂಡು ಕಿತ್ತರೆ ತಾಯಿ ಬಿಟ್ಟುಹೋಗುತ್ತದೆ, ಕೀಳದಿದ್ದರೆ ಮರಿ ಸಿಕ್ಕಿಕೊಳ್ಳುತ್ತವೆ. ಹಾಗಾಗಿ ಗೂಡನ್ನು ಅಲುಗಿಸದೆ ಒಳಗಿನ ನೂಲನ್ನು ಮಾತ್ರ ತುಂಡು ತುಂಡು ಮಾಡಬೇಕು, ಬೆರಳ ಗೆಣ್ಣಿಗಿಂತ ಉದ್ದದ ಎಳೆ ಉಳಿಯಬಾರದು ಎಂದು ತೀರ್ಮಾನವಾಗಿತ್ತು. ಕಾಕುಗೆ “ಹೇನು ಆಗ್ಯಾವ, ಸ್ವಚ್ಛ ಮಾಡ್ತೇವಿ” ಎಂದು ಹೇಳಿ ಕೆಲಸ ಶುರುಮಾಡಿದೆವು. ಸರ್ ಅಡಿಯ ಹಲಗೆಯನ್ನು ಅರ್ಧ ಎಳೆದು ಬೆಳಕು ಹಿಡಿಯುವುದು, ನಾನು ಕತ್ತರಿಯ ತುದಿ ಒಳಗೆ ಬಿಟ್ಟು ಎಳೆ ಹುಡುಕಿ ಕತ್ತರಿಸುವುದು, ತಾಯಿ ಹಕ್ಕಿ ತಂತಿಗೆ ಬಂದು ಕೂತಿತೆಂದರೆ ಅಲ್ಲಿಗೇ ಬಿಟ್ಟು ಇಳಿಯುವುದು. ಎಲ್ಲ ಪೆಟ್ಟಿಗೆಯಲ್ಲೂ ಹಸಿರಿತ್ತು.

ಕಾಕುಗೆ ಹೇಳಬೇಕೋ ಬೇಡವೋ ಎಂಬ ಮಾತು ನಮ್ಮ ಮನೆಯ ಕಟ್ಟೆಯ ಮೇಲೆ ಬಂತು.

“ಹೆರಗಿ ಆಗೂತನಕಾ ತಡಿ ತಂಗೆವ್ವ,” ಎಂದರು ಸರ್. “ಈಗ ಹೇಳಿದ್ರ ಆ ಮುದಕಿ ಅದನ್ನ ಅಪಶಕುನ ಅಂತ ಹಿಡೀತಾಳ. ನಾಳೆ ಮಗಳಿಗೆ ಏನರೆ ಆದ್ರ ಜಲ್ಮ ಇಡೀ ತನ್ನ ನೂಲಿಗೇ ಬೈಕೋತಾಳ. ನೂಲಿನ ಉಂಡಿ ಸುಮ್ನ ತಗದ ಬಿಡೂಣು. ಗುಬ್ಬಿ ವೈದ್ವು ಅಂತ ತಿಳೀತಾಳ.”

ನನಗೂ ಅದೇ ಬೇಕಿತ್ತು. ಆ ಮಾತು ನನ್ನ ಬಾಯಿಂದ ಬರುವುದು ಬೇಡ ಎಂದೇ ಮನಸ್ಸು ಹೇಳುತ್ತಿತ್ತು. ಕಾಕು ಶೆಡ್ಡಿಗೆ ಹೋದಾಗ ತಂತಿಯ ಮೇಲಿನ ಉಂಡೆ ಬಿಚ್ಚಿ ಸೆರಗಿನಲ್ಲಿ ಅಡಗಿಸಿಕೊಂಡು ಬಂದೆ.

ಮರುದಿನವೇ ಕಾಕು ಕಿಟಕಿಯ ಹತ್ತಿರ ಬಂದರು. ಅವರ ಕೈಯಲ್ಲಿ ಮೊದಲಿನದಕ್ಕಿಂತ ದೊಡ್ಡ ಉಂಡೆ. “ಎಲ್ಲಾ ವೈದ ಬಿಟ್ಟಾವ ನೋಡವಾ. ಒಂದ ಎಳೀನೂ ಉಳಿಸಿಲ್ಲ. ಎಷ್ಟ ಬೇಕಾಗಿತ್ತೋ ಪಾಪ.” ಇಷ್ಟು ಸಂತೋಷ ಅವರ ಮುಖದಲ್ಲಿ ನಾನು ಕಂಡಿರಲಿಲ್ಲ. ಆಗಲೂ ನೇರ ಹೇಳಲಾರದೆ, “ಸಾಕ ಬಿಡ್ರಿ ಕಾಕೂ, ಈಗ ಅವಕ್ಕ ನೂಲ ಬ್ಯಾಡ,” ಎಂದು ಅರ್ಧ ಮಾತು ಆಡಿದೆ. ಅವರು ನಕ್ಕರು. “ಹೆಣ್ಮಗಳ ಬ್ಯಾಡ ಅಂದ್ರ ತವರ ಮನೀಯವ್ರು ಕೊಡೂದ ಬಿಡ್ತಾರೇನ?” ಎಂದು ಹೋಗಿ ತಂತಿಗೆ ಕಟ್ಟಿದರು.

ಆಮೇಲೆ ದಿನಾ ನಾನು ಬಿಚ್ಚುವುದು, ಅವರು ಕಟ್ಟುವುದು. ಬಿಚ್ಚುವ ಮೊದಲೇ ಗುಬ್ಬಿಗಳು ನಾಲ್ಕೆಳೆ ಒಯ್ದಿರುತ್ತಿದ್ದವು. ಮಧ್ಯಾಹ್ನ ಕತ್ತರಿಸಿ ಇಳಿದ ಗೂಡಿನಲ್ಲಿ ಸಂಜೆಗೆ ಹೊಸ ಹಸಿರು ಕಾಣುತ್ತಿತ್ತು. ಒಂದು ಪೆಟ್ಟಿಗೆಯಲ್ಲಿ ಇನ್ನೂ ಕಣ್ಣು ಬಿಡದ ಮರಿಯ ಕೊರಳಿಗೇ ಸುತ್ತಿಕೊಂಡಿತ್ತು. ಅದನ್ನು ಕೈಯಲ್ಲಿಟ್ಟುಕೊಂಡು ನಿಂತಾಗ ನನಗೆ ಸರ್ ಮೇಲೆ ಸಿಟ್ಟು ಬಂತು, ಕಾಕು ಮೇಲೆ ಸಿಟ್ಟು ಬಂತು, ನನ್ನ ಮೇಲೂ ಬಂತು. ಹೆರಿಗೆಗೆ ಇನ್ನೂ ಸಮಯವಿತ್ತು. ಅಷ್ಟರೊಳಗೆ ಈ ಮರಿಗಳು ಹೋಗಿ ಇನ್ನೊಂದು ಸಾಲು ಮೊಟ್ಟೆಗಳು ಬರುತ್ತವೆ. ಕಾಕುವಿನ ಮನಸ್ಸು ಉಳಿಸಲು ಎಷ್ಟು ಗೂಡು ಕೊಡಬೇಕು ಎಂದು ನನಗೆ ನಾನೇ ಕೇಳಿಕೊಂಡೆ. ಸರ್‌ಗೆ ಫೋನು ಮಾಡಿ, ನಾ ಹೇಳತೇನ್ರಿ ಅಂದೆ. ಅವರು “ಮಗಳ ಮುಂದ ಬ್ಯಾಡ,” ಎಂದಷ್ಟೇ ಹೇಳಿದರು.

ಮನೆಯಲ್ಲಿ ಮಗಳು ಇರುತ್ತಿದ್ದಳು. ಅದಕ್ಕೇ ಕಾಕು ಕೆಲಸ ಮಾಡುವ ಶೆಡ್ಡಿಗೆ ಹೋದೆ. ಮಗ್ಗಗಳೆಲ್ಲ ನಡೆಯುತ್ತಿದ್ದವು. ಕಾಕು ಮೂಲೆಯಲ್ಲಿ ಕಾಂಡಿ ಯಂತ್ರದ ಮುಂದೆ ಕೂತಿದ್ದರು, ತುಂಬಿದ ಕಡ್ಡಿ ತೆಗೆದು ಖಾಲಿ ಕಡ್ಡಿ ಹಾಕುತ್ತ. ನಾನು ಅವರ ಎದುರು ಕುಕ್ಕರಗಾಲಿನಲ್ಲಿ ಕೂತೆ. ಆ ಸದ್ದಿನಲ್ಲಿ ದನಿ ತೆಗೆದರೂ ಒಂದೇ, ತೆಗೆಯದಿದ್ದರೂ ಒಂದೇ. ತುಟಿಯಿಂದಲೇ ಹೇಳಿದೆ. ಕಾಕೂ, ನಿಮ್ಮ ನೂಲು ಮರಿಗಳ ಕಾಲಿಗೆ ಸಿಗಬೀಳಾಕತ್ತೈತ್ರಿ. ಮರಿ ಸಾಯಾಕತ್ತಾವ್ರಿ.

ಕಾಕು ನನ್ನ ತುಟಿಯನ್ನೇ ನೋಡುತ್ತಿದ್ದರು. ಮೊದಲು ತಿಳಿಯಲಿಲ್ಲವೆಂಬಂತೆ ತಲೆ ಅಲ್ಲಾಡಿಸಿದರು. ನಾನು ಎರಡನೆಯ ಸಲ ಹೇಳಬೇಕಾಯಿತು. ಅದು ಮೊದಲಿನದಕ್ಕಿಂತ ಕಷ್ಟವಾಯಿತು. ಅವರ ಕೈ ತುಂಬಿದ ಕಡ್ಡಿಯ ಮೇಲೆಯೇ ನಿಂತಿತು, ನೂಲು ಸುತ್ತುತ್ತ ಸುತ್ತುತ್ತ ಉಬ್ಬಿ ಹೊರಗೆ ಚೆಲ್ಲಿತು. ಆಮೇಲೆ ಅವರು ಯಂತ್ರ ಆರಿಸಿದರು. ಎಷ್ಟು ಎಂದು ಅವರ ತುಟಿ ಕೇಳಿತು. ಗೊತ್ತಿಲ್ಲ ಎಂದೆ. ನಿಜವಾಗಿಯೂ ನಾನು ಎಣಿಸುವುದನ್ನು ಬಿಟ್ಟಿದ್ದೆ.

ಕಾಕು ಎದ್ದು ನಳದ ಕೆಳಗೆ ಕೈ ತೊಳೆದುಕೊಂಡು, “ತೋರಸ ನಡಿ,” ಎಂದರು.

ಬೇಡವೆಂದರೂ ಕೇಳಲಿಲ್ಲ. ಮಗಳಿಗೆ ಕಾಣದಂತೆ ಹಿತ್ತಲಿನ ಬಾಗಿಲು ಮುಂದೆ ಮಾಡಿ ಬಂದು, ತಂತಿಯ ಉಂಡೆಯನ್ನು ತಾವೇ ಬಿಚ್ಚಿ ಒಲೆಯ ಕಟ್ಟಿಗೆಯ ಹಿಂದೆ ಎಸೆದರು. ನಾನು ಸ್ಟೂಲು ಹತ್ತಿದೆ, ಅವರು ಬೆಳಕು ಹಿಡಿದರು. ಮೂರನೆಯ ಪೆಟ್ಟಿಗೆಯಲ್ಲಿ ಒಂದು ಮರಿಯ ಕಾಲಿಗೂ ರೆಕ್ಕೆಗೂ ಸೇರಿಸಿ ಸುತ್ತಿತ್ತು. ಅದನ್ನು ಕೆಳಗಿಳಿಸಿ ಕಾಕುವಿನ ಅಂಗೈಯಲ್ಲಿಟ್ಟೆ, ನನಗೆ ಕತ್ತರಿಸಲು ಎರಡೂ ಕೈ ಬೇಕಿದ್ದವು. ಎಳೆ ಒಂದೊಂದಾಗಿ ಬಂತು. ಎಲ್ಲ ಬಿಡಿಸಿ ಮುಗಿದ ಮೇಲೆ ಮರಿ ರೆಕ್ಕೆ ಒಂದು ಸಲ ಬಿಚ್ಚಿತು, ತಲೆ ವಾಲಿಸಿತು. ಕಾಕು ಅದನ್ನು ಅಲುಗಿಸಿ ನೋಡಿದರು, ಉಸಿರು ಊದಿ ನೋಡಿದರು.

ತಾಯಿ ಗುಬ್ಬಿ ಬಾಯಲ್ಲಿ ಹುಳ ಹಿಡಿದುಕೊಂಡು ತಂತಿಯ ಮೇಲೆ ಕಾಯುತ್ತಿತ್ತು.

“ಆಕೀಗೆ ನಾ ತವರ ಮನೀ ಆಗೇನಿ ಅಂತ ತಿಳಕೊಂಡಿದ್ನಿ,” ಎಂದರು ಕಾಕು. ಆಮೇಲೆ, “ಮಗಳಿಗೆ ಹೇಳಬ್ಯಾಡವಾ.”

“ಇಲ್ರಿ ಕಾಕೂ. ಗುಬ್ಬೀದ ಬ್ಯಾರೆ, ಮನಷ್ಯಾರದ ಬ್ಯಾರೆ. ಇದಕ್ಕೂ ಅದಕ್ಕೂ ಸಂಬಂಧ ಇಲ್ರಿ.”

“ಕೊಡುಮುಂದ ಎರಡೂ ಒಂದ ಅಂತ ಕೊಟ್ಟೇನಲಾ,” ಎಂದರು ಅವರು. “ಈಗ ಬ್ಯಾರೆ ಹೆಂಗ ಮಾಡ್ಲಿ?”

ನಾನು ಸ್ಟೂಲು ಸರಿಸಿ ಮುಂದಿನ ಪೆಟ್ಟಿಗೆಗೆ ಹತ್ತಿದೆ. ಅವರು ಸತ್ತ ಮರಿಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಬಲಗೈಯಿಂದ ಬೆಳಕು ಹಿಡಿದರು. ಹಾಗೆಯೇ ಕೊನೆಯ ಪೆಟ್ಟಿಗೆಯವರೆಗೂ ಹೋದೆವು.

ಅಂದಿನಿಂದ ಕಾಕು ಪಾಳಿ ಮುಗಿಸಿ ಬರುವಾಗ ದಾರಿಯುದ್ದಕ್ಕೂ ಬಗ್ಗಿ ಬಗ್ಗಿ ಬಿದ್ದ ನೂಲು ಆರಿಸತೊಡಗಿದರು. ಚರಂಡಿಯ ಅಂಚಿನದೂ ಬಿಡುತ್ತಿರಲಿಲ್ಲ. ಗಲ್ಲಿಯವರು ಮುದುಕಿಗೆ ಏನೋ ಆಗಿದೆ ಎಂದರು. ಮಗಳು ನನ್ನ ಹತ್ತಿರ ಬಂದು, “ಅವ್ವ ಯಾಕ ಉಣವಲ್ಲಳ್ರಿ ಅಕ್ಕಾ? ನಂದ ಚಿಂತಿ ಹಚ್ಕೊಂಡಾಳೇನ್ರಿ?” ಎಂದು ಕೇಳಿದಳು. ಬಿಸಿಲಿಗೆ ಹಾಗಾಗುತ್ತದೆ ಎಂದು ಹೇಳಿ ಕಳಿಸಿದೆ. ಕೊಲ್ಹಾಪುರದ ಪಶುವೈದ್ಯರ ಸಂದೇಶವೂ ಅದೇ ವಾರ ಬಂತು. ಪಾದವಿಲ್ಲದ ಮರಿ ತಿನ್ನುತ್ತಿತ್ತಂತೆ, ಚಿಲಿಪಿಲಿ ಮಾಡುತ್ತಿತ್ತಂತೆ. ಒಂದು ಬೆಳಗ್ಗೆ ಸತ್ತಿತ್ತು. ಒಂದು ಮರಿಯನ್ನು ವೈದ್ಯರಲ್ಲಿ ಬಿಟ್ಟು ಬಂದಿದ್ದೇನೆ ಎಂದು ಕಾಕುಗೆ ಹೇಳಿದ್ದೆ; ಅದರ ಬಗ್ಗೆ ಅವರು ಕೇಳಿದಾಗ ಹಾರಿಹೋಯಿತು ಎಂದು ಸುಳ್ಳು ಹೇಳಿದೆ. ಅವರು ನಂಬಿದರೋ ಇಲ್ಲವೋ, ಮತ್ತೆ ಕೇಳಲಿಲ್ಲ.

ಉಳಿದ ಮರಿಗಳಲ್ಲಿ ಕೆಲವು ಹಾರಿದವು. ಅವು ಹಾರುವುದನ್ನು ನಾನು ಕಿಟಕಿಯಿಂದ ನೋಡಿದೆ. ಸಂತೋಷ ಆಗಬೇಕಿತ್ತು, ಆಗಲಿಲ್ಲ. ಒಂದೊಂದು ಮರಿ ಜಿಗಿದಾಗಲೂ ಕಾಲು ಖಾಲಿಯಿದೆಯೇ ಎಂದು ನೋಡುವುದರಲ್ಲೇ ಜೀವ ಹೋಗುತ್ತಿತ್ತು.

ಬಳಗದವರು ಕೊಲ್ಹಾಪುರದಲ್ಲಿ ಕೂತು ಮಾತಾಡಿದರು. ಕಾಕು ಕೊಡುವುದನ್ನು ನಿಲ್ಲಿಸಿದರೂ ನೂಲಿನ ಊರಿನಲ್ಲಿ ಗೋಡೆಗೆ ಪೆಟ್ಟಿಗೆ ಹಚ್ಚುವುದು ಸರಿಯಲ್ಲ, ಮಗ್ಗಗಳಿಲ್ಲದ ಗಡಹಿಂಗ್ಲಜ ಕಡೆಯ ಹಳ್ಳಿಗಳಿಗೆ ಒಯ್ಯೋಣ ಎಂದು ನಿರ್ಧರಿಸಿದರು. ಕೊನೆಯ ಗೂಡು ಖಾಲಿಯಾದ ಮೇಲೆ ಸರ್ ಬಂದು ಪೆಟ್ಟಿಗೆಗಳನ್ನು ಬಿಚ್ಚಿದರು. ಹಳೆಯ ಗೂಡುಗಳನ್ನು ಸುಟ್ಟೆವು. ಪಾಲಿಸ್ಟರ್ ಬೂದಿಯಾಗಲಿಲ್ಲ, ಕರಗಿ ಕಪ್ಪು ಗಂಟಾಗಿ ಉಳಿಯಿತು. ಮರುದಿನ ಒಂದು ಜೋಡಿ ಗುಬ್ಬಿ ಬಾಯಲ್ಲಿ ಹುಲ್ಲು ಹಿಡಿದು ಬಂದು ಬೋಳು ಗೋಡೆಯ ಮೊಳೆಗಳ ಮೇಲೆ ಕೂತು ಹೋದವು. ಮತ್ತೆ ಬಂದವು. ಹೀಗೆ ಎಷ್ಟೋ ದಿನ. ಮಾಡಿದ್ದು ಸರಿ ಎಂದು ಎಲ್ಲರೂ ಹೇಳಿದರು. ಸರಿಯೇ ಇರಬೇಕು. ಆದರೆ ಆ ಜೋಡಿಯನ್ನು ಕಾಕು ಹೊಸ್ತಿಲಲ್ಲಿ ಕೂತು ನೋಡುತ್ತಿದ್ದುದನ್ನು ಕಂಡ ನನಗೆ ಹಾಗನ್ನಿಸಲಿಲ್ಲ.

ಮಳೆ ಹಿಡಿದ ಮೇಲೆ ಮಗಳಿಗೆ ನೋವು ಶುರುವಾಯಿತು. ದವಾಖಾನೆಯ ಹೊರಗಿನ ಬಾಕಿನ ಮೇಲೆ ಕಾಕು ನನ್ನ ಕೈಯನ್ನು ಬಿಗಿಯಾಗಿ ಹಿಡಿದು ಕೂತಿದ್ದರು. ದೇವರ ಹೆಸರು ಎತ್ತಲಿಲ್ಲ. ಹೆಣ್ಣು ಕೂಸು ಹುಟ್ಟಿತು, ಚೆನ್ನಾಗಿ ಅತ್ತಿತು, ತೂಕವೂ ಚೆನ್ನಾಗಿತ್ತು. ನರ್ಸು ಬಟ್ಟೆಯಲ್ಲಿ ಸುತ್ತಿ ತಂದಾಗ ಕಾಕು ಕೈ ಚಾಚಲಿಲ್ಲ. “ನೀ ತಗೋವಾ,” ಎಂದು ನನ್ನನ್ನು ಮುಂದೆ ತಳ್ಳಿದರು. ನಾನು ಎತ್ತಿಕೊಂಡು ಅವರ ಮುಂದೆ ಹಿಡಿದೆ. ಬಟ್ಟೆ ಸರಿಸಿ ಎರಡೂ ಪಾದ ನೋಡಿದರು, ಆಮೇಲೆ ಅತ್ತರು. ಸಂತೋಷಕ್ಕೆ ಎಂದು ನರ್ಸು ತಿಳಿದಳು.

ತೊಟ್ಟಿಲ ಕಾರ್ಯಕ್ಕೆ ಮುರಗೂಡದಿಂದ ಬೀಗರು ಬಂದರು. ಕಾಕುವಿನ ಪುಟ್ಟ ಮನೆ ತುಂಬಿತ್ತು. ಹೆಂಗಸರು ಹಾಡಿ ಕೂಸನ್ನು ತೊಟ್ಟಿಲಿನ ಮೇಲೆ ಕೆಳಗೆ ಮಾಡಿ ಕಿವಿಯಲ್ಲಿ ಹೆಸರು ಹೇಳಿದರು. ಆಮೇಲೆ ಮಗಳ ಅತ್ತೆ ಸೊಂಟದ ಚೀಲದಿಂದ ಕರಿ ದಾರ ತೆಗೆದು, ದೃಷ್ಟಿ ತಾಗದಿರಲೆಂದು ಕೂಸಿನ ಎಡಗಾಲಿಗೆ ಕಟ್ಟಿದರು. ಎಲ್ಲ ಮನೆಯಲ್ಲೂ ಕಟ್ಟುತ್ತಾರೆ. ನನ್ನ ಮಕ್ಕಳಿಗೂ ಕಟ್ಟಿದ್ದೆ.

ಕಾಕು ಬಡಿಸುವುದನ್ನು ಬಿಟ್ಟು ತೊಟ್ಟಿಲ ಹತ್ತಿರ ಬಂದರು. ದಾರಕ್ಕೂ ಕಾಲಿಗೂ ನಡುವೆ ಬೆರಳು ಹಾಕಿ ನೋಡಿದರು. ಸಡಿಲಾಗಿಯೇ ಇತ್ತು. ಹೋಗಿ ಹೋಳಿಗೆ ಬಡಿಸಿದರು. ಮತ್ತೆ ಬಂದು ಬೆರಳು ಹಾಕಿದರು. ತುಪ್ಪದ ತಂಬಿಗೆ ಹಿಡಿದು ಪಂಕ್ತಿಯ ಅರ್ಧಕ್ಕೆ ಹೋಗಿದ್ದವರು ಅಲ್ಲಿಂದಲೇ ತಿರುಗಿ ಬಂದರು. ತಂಬಿಗೆ ಕೆಳಗಿಟ್ಟು ನನ್ನ ಕಡೆ ನೋಡಿ, “ಕತ್ತರಿ ಕೊಡವಾ,” ಎಂದರು.

ನಾನು ಮನೆಗೆ ಓಡಿಹೋಗಿ ತಂದುಕೊಟ್ಟೆ.

“ಯಾಕ್ರಿ ಬೀಗತೇರ, ಏನ್ ಮಾಡಾಕತ್ತೀರಿ?” ಎಂದರು ಮುರಗೂಡದವರು. “ದೃಷ್ಟಿ ಹತ್ತತೈತ್ರಿ ಕೂಸಿಗೆ.”

“ನನಗ ಹತ್ತಲಿ ಬಿಡ್ರಿ,” ಎಂದರು ಕಾಕು. “ಕಾಲಿಗೆ ದಾರ ಬ್ಯಾಡ.”

ಕತ್ತರಿಸಿದರು. ಬೀಗತಿಯ ಮುಖ ಬಿಗಿಯಿತು. ಮಗಳು ತಾಯಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಾನು ತುಪ್ಪದ ತಂಬಿಗೆ ಎತ್ತಿಕೊಂಡು ಬಡಿಸಲು ಹೋದೆ. ಬೀಗರು ಉಂಡು ಎದ್ದು ಕೈ ತೊಳೆದು ಬಂದಾಗಲೂ ಕಾಕು ತೊಟ್ಟಿಲ ಪಕ್ಕದಲ್ಲೇ ಕೂತಿದ್ದರು, ಕೂಸಿನ ಪಾದವನ್ನು ಅಂಗೈಯಲ್ಲಿ ಇಟ್ಟುಕೊಂಡು. ಕೂಸು ನಿದ್ದೆಯಲ್ಲಿ ಕಾಲು ಎಳೆದುಕೊಂಡಾಗಲೆಲ್ಲ ಅವರು ಕೂಡಲೇ ಬಿಟ್ಟುಬಿಡುತ್ತಿದ್ದರು.